ರೋಣದಲ್ಲಿ ಬಿಚ್ಚಿ ಹೊಲಿದ ಮೊಣಕೈ ಕವಚ

ಚಿಕ್ಕನರಗುಂದದಿಂದ ನರಗುಂದಕ್ಕೆ ಹೋಗುವ ಬೆಳಗಿನ ಬಸ್ಸು ಅಂದು ಕಾಲು ತಾಸು ತಡವಾಗಿ ಬಂದಿತು. ತಡವಾದದ್ದು ನನಗೆ ಒಳ್ಳೆಯದೇ ಆಯಿತು. ಲಿಂಗಪೂಜೆಯನ್ನು ಅವಸರವಿಲ್ಲದೆ ಮುಗಿಸಿ, ಆಕಳನ್ನು ಪಕ್ಕದ ಮನೆಯ ಗಂಗವ್ವನಿಗೆ ಒಪ್ಪಿಸಿ, ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುವಷ್ಟರಲ್ಲಿ ಬಸ್ಸು ಆಗತಾನೇ ತಿರುಗಿ ನಿಂತಿತ್ತು. ಕಾರ್ತಿಕ ಮಾಸದ ಚಳಿ. ಕಾಲುವೆಯ ನೀರಿನ ಮೇಲೆ ಮಂಜು ಕುಳಿತಿತ್ತು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಗಾಜೂ ಗಟ್ಟಿಯಾಗಿ ಮುಚ್ಚಿಕೊಂಡಿತು. ಇಷ್ಟಾದರೂ ನಡೆಸಿಕೊಟ್ಟೆಯಲ್ಲಪ್ಪಾ ಎಂದು ಶಿವನನ್ನು ನೆನೆದೆ. ನಾನು ಒಬ್ಬಳೇ ಅಷ್ಟು ದೂರ ಹೊರಟದ್ದು ಅದೇ ಮೊದಲು.

ಹೋಗಬೇಕಾದದ್ದು ಗಜೇಂದ್ರಗಡಕ್ಕೆ. ನನ್ನ ಮಗಳು ನೀಲಾ ನಾಲ್ಕು ದಿನದಿಂದ ಅಲ್ಲಿದ್ದಳು. ಎಂಟನೆಯ ಇಯತ್ತೆಯಲ್ಲಿ ಸರ್ಕಾರದವರು ಕೊಟ್ಟ ಸೈಕಲ್ಲಿನ ಮೇಲೆ ನರಗುಂದದ ಶಾಲೆಗೆ ಹೋಗಿಬರುತ್ತಿದ್ದವಳು, ಕಾಲೇಜಿಗೆ ಸೇರುವಷ್ಟರಲ್ಲಿ ದಪ್ಪ ಗಾಲಿಯ ಗೇರಿನ ಸೈಕಲ್ಲಿನ ಮೇಲೆ ಗುಡ್ಡ ಹತ್ತಿ ಇಳಿಯುವುದನ್ನು ಕಲಿತಿದ್ದಳು. ಅಂಥವರನ್ನು ಆರಿಸಿ ಕ್ರೀಡಾ ಹಾಸ್ಟೆಲ್ಲಿಗೆ ಕರೆದುಕೊಳ್ಳುವ ತರಬೇತುದಾರರೊಬ್ಬರು ಗಜೇಂದ್ರಗಡದ ಗುಡ್ಡದಲ್ಲಿ ರವಿವಾರ ಪರೀಕ್ಷೆ ಇಟ್ಟಿದ್ದರು. ನಾನು ಹೊರಟದ್ದು ಶನಿವಾರ. ಹಿಂದಿನ ಸಂಜೆ ನೀಲಾ ಕಾಯಿನ್ ಬಾಕ್ಸಿನಿಂದ ಗಂಗವ್ವನ ಮನೆಯ ಫೋನಿಗೆ ಮಾಡಿದ್ದಳು.

"ಅವ್ವಾ, ಸರ್ ಹೊಸಾ ಮಾತ ಹೇಳ್ಯಾರ. ಮೊಣಕೈ ಕವಚ ಇಲ್ಲದವರನ್ನ ಗುಡ್ಡಾ ಇಳಸಂಗಿಲ್ಲಂತ. ಹೆಲ್ಮೆಟ್ ಅವರ ಕೊಡತಾರ, ಕವಚ ನಮ್ಮದ ಇರಬೇಕಂತ. ಇಲ್ಲಿ ಎಲ್ಲಾ ಅಂಗಡಿ ತಿರುಗೇನಿ, ಸಿಗಲಿಲ್ಲ."

"ನಾನೂ ಹುಡುಕಿ ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ಇಲ್ಲಾ ಅಂತ ಹೇಳು. ನಿನ್ನ ಕೂಡ ವಾಪಸ್ ಬಂದಬಿಡತೀನಿ."

ನಾನು ಉತ್ತರ ಕೊಡದೆ ಫೋನು ಹಿಡಿದು ನಿಂತಿದ್ದೆ. ಅವಳ ರೂಪಾಯಿ ಮುಗಿದು ಮಾತು ತಾನೇ ಕಡಿಯಿತು. ಆದರೆ 'ನಿನ್ನ ಕೂಡ ವಾಪಸ್' ಎಂಬ ಮಾತು ಬಸ್ಸಿನಲ್ಲೂ ಕಿವಿಯಲ್ಲೇ ಇತ್ತು. ನಮ್ಮ ಮನೆಯವರು ರಾಶಿ ಮಾಡುವ ಯಂತ್ರದ ಜೊತೆ ಊರೂರು ತಿರುಗುವವರು. ಸುಗ್ಗಿ ಎಲ್ಲಿದ್ದರೆ ಅಲ್ಲಿ ಅವರ ವಸ್ತಿ. ಎರಡು ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇರುತ್ತಾರೆ. ಏನು ಕೇಳಿದರೂ "ನಿನಗ ಚಲೋ ಕಂಡಂಗ ಮಾಡು" ಎನ್ನುತ್ತಾರೆ. ಒಳ್ಳೆಯ ಮನುಷ್ಯ, ಆದರೆ ಮನೆಯಲ್ಲಿ ಮಾತು ಇದ್ದದ್ದು ನನ್ನದು ಮತ್ತು ನೀಲಾಳದು ಮಾತ್ರ. ಅವಳು ಹಾಸ್ಟೆಲ್ಲಿಗೆ ಹೋದರೆ ನಾನು ಸಂಜೆ ಒಂದೇ ರೊಟ್ಟಿ ಬಡಿದು, ಒಲೆ ಆರಿಸಿ ಕುಳಿತುಕೊಳ್ಳಬೇಕು. ಕವಚ ಸಿಕ್ಕರೆ ಮಗಳು ಹೋಗುತ್ತಾಳೆ, ಸಿಗದಿದ್ದರೆ ಮನೆಗೆ ಬರುತ್ತಾಳೆ. ಹುಡುಕಲು ಹೊರಟವಳು ನಾನೇ.

ನರಗುಂದಕ್ಕೆ ಅರ್ಧ ತಾಸಿನ ದಾರಿ, ಆರು ರೂಪಾಯಿ ಟಿಕೆಟ್ಟು. ಊರು ಹತ್ತಿರವಾದಂತೆ ಕೋಟೆಯ ಗುಡ್ಡ ಬಿಸಿಲಿಗೆ ಬಂದಿತು. ಮಳೆಗಾಲದಲ್ಲಿ ನೀಲಾ ಬಿದ್ದದ್ದು ಅದೇ ಗುಡ್ಡದ ಇಳಿಜಾರಿನಲ್ಲಿ. ಎಡ ಮೊಣಕೈ ಎಲುಬು ಕಾಣುವಷ್ಟು ತರಚಿಹೋಗಿತ್ತು. ದವಾಖಾನೆಯಲ್ಲಿ ಹೊಲಿಗೆ ಹಾಕುವಾಗ ಅವಳು ಅಳಲಿಲ್ಲ. ನಾನು ಹೊರಗೆ ಬಂದು ಗೋಡೆಯ ಕಡೆ ಮುಖಮಾಡಿ ಅತ್ತೆ. ಎಲುಬು ಮುರಿದಿರಲಿಲ್ಲ ಎಂಬುದನ್ನು ಇಂದಿಗೂ ದೇವರ ಲೆಕ್ಕದಲ್ಲೇ ಇಟ್ಟಿದ್ದೇನೆ.

ಆಟದ ಸಾಮಾನಿನ ಅಂಗಡಿ ತೆರೆದದ್ದು ಒಂಬತ್ತೂವರೆಗೆ. ಬಾಗಿಲಲ್ಲಿ ಕ್ರಿಕೆಟ್ ಬ್ಯಾಟು, ಒಳಗೆ ಕೇರಂ ಹಲಗೆಗಳು. ಮಾಲೀಕರು ಅಡಿಕೆ ಕತ್ತರಿಸುತ್ತ ಕುಳಿತಿದ್ದರು.

"ಮೊಣಕೈಗೆ ಹಾಕ್ಕೊಳ್ಳೋ ಕವಚ ಅದಾವೇನ್ರಿ? ಗುಡ್ಡದಾಗ ಸೈಕಲ್ ಹೊಡಿಯೋರು ಹಾಕ್ಕೊಳ್ಳೋವು."

"ಅಕ್ಕಾರ, ನರಗುಂದದ ಗುಡ್ಡಾ ಆಡು ಹತ್ತತಾವ. ಸೈಕಲ್ ಯಾರ ಹತ್ತಸತಾರ್ರೀ?"

"ನನ್ನ ಮಗಳು ಹತ್ತಸತಾಳ."

ಅವರು ಅಡಕೊತ್ತು ಕೆಳಗಿಟ್ಟು ಎದ್ದರು. ಮೂರು ಬಗೆ ತಂದು ಹಲಗೆಯ ಮೇಲಿಟ್ಟರು. ಮೊದಲನೆಯದು ಹೆಣೆದ ಅರಿವೆಯ ನಳಿಗೆ, ವಾಲಿಬಾಲ್ ಆಡುವವರದು. ಮೆತ್ತಗಿತ್ತು, ಆದರೆ ಕಲ್ಲಿಗೆ ಉಜ್ಜಿದರೆ ಎರಡನೆಯ ಸಲಕ್ಕೇ ತೂತು ಬೀಳುವಂಥದು. ಎರಡನೆಯದು ಕ್ರಿಕೆಟ್ಟಿನವರ ಮುಂಗೈ ಗುರಾಣಿ. ಅದು ಒಂದೇ ಕೈಗೆ ಬರುವುದು, ಮೊಣಕೈ ಎಲುಬಿನ ತನಕ ಮುಟ್ಟುವುದೂ ಇಲ್ಲ. ಮೂರನೆಯದು ಗಾಲಿ ಬೂಟು ಹಾಕಿ ಜಾರುವವರದು. ಒಳಗೆ ಸ್ಪಂಜು, ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಬಿಗಿಯಲು ಪಟ್ಟಿ. ನಾನು ಅದನ್ನೇ ಎತ್ತಿಕೊಂಡು ಒಳಮಗ್ಗುಲು ತಿರುವಿ ಹೊಲಿಗೆ ನೋಡಿದೆ. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಜಂಪರು, ಚೂಡಿದಾರ ಹೊಲಿದುಕೊಡುವುದರಿಂದ ಈ ಚಟ ನನಗೆ ಅಂಟಿಕೊಂಡಿದೆ.

ಅಳತೆಯ ಪುಸ್ತಕ ಚೀಲದಲ್ಲೇ ಇತ್ತು. ದೀಪಾವಳಿಗೆ ನೀಲಾಳ ಚೂಡಿದಾರ ಹೊಲಿಯುವಾಗ ಬರೆದುಕೊಂಡದ್ದು: ಮೊಣಕೈ ಸುತ್ತು ಒಂಬತ್ತು ಇಂಚು. ಕವಚಕ್ಕೆ ಟೇಪು ಹಿಡಿದರೆ ಅದೂ ಒಂಬತ್ತು. ಮಾಲೀಕರು ಇನ್ನೊಂದು ದೊಡ್ಡ ಜೋಡಿ ತೋರಿಸಿ, "ಇದನ್ನ ತಗೋರಿ, ಬೆಳಿಯೋ ಹುಡುಗಿ" ಎಂದರು. ಅದು ಒಂದು ಇಂಚು ಜಾಸ್ತಿ.

"ಸಡ್ಲ ಆದ್ರ ಜಾರತೈತ್ರಿ. ನನ್ನ ಟೇಪ್ ಎಂದೂ ತಪ್ಪಿಲ್ಲ" ಎಂದೆ.

"ಆತ್ರಿ, ನಿಮ್ಮ ಟೇಪಿಗೆ ನಾ ಎದುರ ಮಾತಾಡಂಗಿಲ್ಲ. ಒಯ್ದ ಮ್ಯಾಲ ತಿರುಗಿ ತಗೊಳ್ಳಂಗಿಲ್ಲ ನೋಡ್ರಿ."

ಚಿಕ್ಕ ಜೋಡಿಯನ್ನೇ ಕೊಂಡೆ. ಇಷ್ಟು ಲಗೂ ಸಿಕ್ಕಿತಲ್ಲ ಎಂದು ಸಂತೋಷವಾಗಬೇಕಿತ್ತು.

ಹತ್ತೂವರೆಗೆ ರೋಣದ ಬಸ್ಸು. ಹದಿನೆಂಟು ರೂಪಾಯಿ, ಒಂದೂವರೆ ತಾಸು. ಕಾಲುವೆಯ ಸೀಮೆ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಗೇಣುದ್ದ ಕಡಲೆ, ನಡುನಡುವೆ ಬಿಳಿಜೋಳ. ಪಕ್ಕದಲ್ಲಿ ಕುಳಿತವರು ಮುಶಿಗೇರಿಯ ಹೆಣ್ಣುಮಗಳು, ತವರಿಂದ ಗಂಡನ ಮನೆಗೆ ಹೊರಟಿದ್ದರು. ಎಲೆಯಡಿಕೆ ಕೊಟ್ಟು ಮಾತಿಗೆಳೆದರು.

"ಒಬ್ಬಾಕೀನ ಹೊಂಟೀರಿ? ಎಲ್ಲಿಗೆ?"

"ಗಜೇಂದ್ರಗಡಕ್ರಿ. ಮಗಳದಾಳ ಅಲ್ಲಿ."

"ಕರಕೊಂಡ ಬರಾಕ ಹೊಂಟೀರೇನು?"

"ಹೂಂ" ಎಂದುಬಿಟ್ಟೆ. ಮಗಳು ಹೋಗಲೆಂದು ಕೊಂಡ ಕವಚ ತೊಡೆಯ ಮೇಲಿನ ಚೀಲದಲ್ಲಿತ್ತು. ಆ ಹೂಂ ಎಲ್ಲಿಂದ ಬಂದಿತೋ ತಿಳಿಯದು. ಆಕೆ "ಚಲೋ ಆತು ಬಿಡ್ರಿ, ಹೆಣ್ಣುಮಕ್ಕಳು ಮನ್ಯಾಗಿದ್ರ ಮನಿ ತುಂಬಿದಂಗ" ಎಂದರು. ನಾನು ಚೀಲವನ್ನು ಸೆರಗಿನಡಿ ಸರಿಸಿಕೊಂಡೆ.

ರೋಣದಲ್ಲಿ ಇಳಿದಾಗ ಹನ್ನೆರಡು. ಗಜೇಂದ್ರಗಡದ ಬಸ್ಸು ಎರಡಕ್ಕೆ ಎಂದು ತಿಳಿಯಿತು. ನಿಲ್ದಾಣದ ಬೇವಿನ ನೆರಳಲ್ಲಿ ಎರಡು ರೊಟ್ಟಿ ತಿಂದು, ಕವಚ ಹೊರತೆಗೆದು ನೋಡಿದೆ. ಒಂದರ ಪಟ್ಟಿಯ ಬುಡದಲ್ಲಿ ಎಳೆ ಬಿಟ್ಟಿತ್ತು. ಸೂಜಿ ದಾರ ನನ್ನ ಬಳಿ ಇತ್ತು, ಆದರೆ ಆ ದಪ್ಪ ಅರಿವೆಗೆ ನನ್ನ ಸೂಜಿ ಬಾಗಿತು. ರಸ್ತೆಯ ಆಚೆ ಬದಿಗೆ ಸೀಟು ಹೊಲಿಯುವ ಅಂಗಡಿ ಕಂಡಿತು. ಟ್ರ್ಯಾಕ್ಟರಿನದು, ಮೋಟರ್ ಸೈಕಲ್ಲಿನದು, ಸೈಕಲ್ಲಿನದು, ಎಲ್ಲವೂ ಅಲ್ಲಿ ತಲೆಕೆಳಗಾಗಿ ಬಿದ್ದಿದ್ದವು. ಹುಸೇನಸಾಬರೆಂದು ಹೆಸರು, ಅರವತ್ತರ ಮೇಲಿನ ವಯಸ್ಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

"ಇದೊಂದ ಎಳಿ ಹೊಡದ ಕೊಡ್ರಿ, ಮಗಳು ಗುಡ್ಡದ ಸೈಕಲ್ ಹೊಡೀತಾಳ" ಎಂದು ಕೊಟ್ಟೆ.

ಅವರು ಒಂದು ಗಳಿಗೆಯಲ್ಲಿ ಹೊಲಿದರು. ಕೊಡುವ ಮುಂಚೆ ಕವಚವನ್ನು ಹಿಂದುಮುಂದು ತಿರುವಿದರು. "ಹಾಕ್ಕೊಂಡ ನೋಡ್ಯಾಳೇನು ಹುಡುಗಿ?"

"ಇಲ್ರಿ, ಆಕಿ ಗಜೇಂದ್ರಗಡದಾಗ ಅದಾಳ. ಅಳತಿ ಹಿಡದ ತಂದೀನಿ. ನನ್ನ ಕೈಯೂ ಹೆಚ್ಚುಕಡಿಮಿ ಅಷ್ಟ ಐತಿ."

"ಹಂಗಿದ್ರ ನೀವ ಹಾಕ್ಕೋರಿ."

ನಾನು ಸೆರಗು ಸರಿಮಾಡಿಕೊಂಡು ಎಡಗೈಗೆ ಏರಿಸಿದೆ. ಮುಂಗೈಗೆ ಬಳೆ ಕೂತಂತೆ ಕೂತಿತು. "ನೋಡ್ರಿ, ಬರೋಬ್ಬರಿ" ಎಂದೆ.

"ಹಂಗ ಕೈ ಇಳಿಬಿಟ್ಟಗೊಂಡ ಸೈಕಲ್ ಹೊಡೀತಾಳೇನ್ರಿ ನಿಮ್ಮ ಮಗಳು? ಇದರ ಹ್ಯಾಂಡಲ್ ಹಿಡೀರಿ."

ಸೀಟಿಲ್ಲದ ಸೈಕಲ್ಲೊಂದು ಗೋಡೆಗೆ ಆನಿಸಿತ್ತು. ಜನ್ಮದಲ್ಲಿ ಸೈಕಲ್ಲು ಮುಟ್ಟಿದವಳಲ್ಲ. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದೆ. "ಇನ್ನಷ್ಟ ಬಗ್ರಿ, ಗುಡ್ಡಾ ಇಳೀಲಿಕ್ಹತ್ತೀರಿ ಅಂತ ತಿಳೀರಿ" ಎಂದರು. ಪಕ್ಕದ ಚಹಾದಂಗಡಿಯವನು ಕೂಗಿದ: "ಸಾಬರ, ಹೊಸಾ ಸವಾರರು ಬಂದಾರಲ್ಲ! ಊರಾಗ ಹೇಳಲೇನು?"

"ನಿನ್ನ ಚಾ ಉಕ್ಕತೈತಿ, ಅದನ್ನ ನೋಡ್ಕೋ ಹೋಗು" ಎಂದರು ಸಾಬರು, ನನ್ನ ಕೈಯಿಂದ ಕಣ್ಣು ತೆಗೆಯದೆ.

ನಾಚಿಕೆಯಲ್ಲಿ ನನಗೆ ಮೊದಲು ತಿಳಿಯಲಿಲ್ಲ. ಕೈ ಮಡಚಿದೊಡನೆ ಕವಚ ಒಳಮಡಿಕೆಯಲ್ಲಿ ಕಚ್ಚಿತು. ಬೆರಳು ಜುಮ್ಮೆಂದವು. ಎರಡು ಸಲ ಹಿಂದೆಮುಂದೆ ಮಾಡುವಷ್ಟರಲ್ಲಿ ಪ್ಲಾಸ್ಟಿಕ್ಕಿನ ಬಟ್ಟಲು ಎಲುಬು ಬಿಟ್ಟು ಮುಂಗೈಗೆ ಜಾರಿತು. ಕಾಯಬೇಕಾದ ಮೊಣಕೈ ಬೋಳಾಗಿ ಹೊರಗೆ ಉಳಿಯಿತು.

"ಇದು ಜಂಪರಿನ ಅಳತಿ, ಅಕ್ಕಾರ. ಜಂಪರ್ ತೊಟ್ಟಾಕಿ ನಿಂತಿರತಾಳ, ಕೈ ಇಳಿಬಿಟ್ಟಾಗ ಅಳದ್ರ ನಡೀತೈತಿ. ಸವಾರನ ಅಳತಿ ಸವಾರಿ ಮ್ಯಾಲ ತಗೋಬೇಕು. ನಾ ಸೀಟಿಗೆ ಅಳತಿ ಹಿಡಿಯೂದು ಮನುಷ್ಯಾ ಕುಂತ ಮ್ಯಾಲ."

ಇಪ್ಪತ್ತು ವರ್ಷದಿಂದ ಓಣಿಯ ಎಲ್ಲರ ಕೈ ಅಳೆದಿದ್ದೇನೆ, ಒಬ್ಬರ ಕೈಯನ್ನೂ ಮಡಚಿ ಅಳೆದಿಲ್ಲ. ದೊಡ್ಡ ಜೋಡಿ ಬೇಡವೆಂದವಳೂ ನಾನೇ. ಇದನ್ನೇ ತೊಟ್ಟು ನೀಲಾ ಗುಡ್ಡ ಇಳಿದಿದ್ದರೆ ಏನಾಗುತ್ತಿತ್ತೆಂದು ನೆನೆದು ಕಟ್ಟೆಯ ಮೇಲೆ ಕುಳಿತೆ.

ಎದುರಿಗೆ ನಿಲ್ದಾಣದಲ್ಲಿ ನರಗುಂದಕ್ಕೆ ತಿರುಗಿ ಹೋಗುವ ಬಸ್ಸು ನಿಂತಿತ್ತು. ನರಗುಂದಕ್ಕೆ ಹೋಗಿ ದೊಡ್ಡ ಜೋಡಿ ತಂದರೆ ಗಜೇಂದ್ರಗಡ ಮುಟ್ಟುವುದು ಕತ್ತಲಾದ ಮೇಲೆ, ಅದೂ ಬಸ್ಸು ಸಿಕ್ಕರೆ. ಅಷ್ಟೇಕೆ, ಬರಿಗೈಯಲ್ಲಿ ಹೋಗಿ 'ಸರಿಯಾದದ್ದು ಸಿಗಲಿಲ್ಲವ್ವ' ಎಂದರೆ ಮುಗಿಯಿತು. ನಾಳೆ ಸಂಜೆ ನೀಲಾ ಮನೆಯಲ್ಲಿರುತ್ತಾಳೆ. ಅದರಲ್ಲಿ ಸುಳ್ಳೆಲ್ಲಿದೆ? ನಾನು ಬೇಡಿದ್ದನ್ನು ಶಿವನೇ ದಾರಿಯಲ್ಲಿ ತಂದಿಟ್ಟನೇನೋ ಎಂದೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ಕೊರಳಲ್ಲಿನ ಲಿಂಗವನ್ನು ಮುಟ್ಟಿಕೊಳ್ಳಲು ಹೋದ ಕೈ ಅರ್ಧಕ್ಕೇ ನಿಂತಿತು.

"ಏನ ವಿಚಾರ ನಡಿಸೀರಿ?" ಎಂದರು ಸಾಬರು.

ಅಪರಿಚಿತರ ಮುಂದೆ ಹೇಳುವುದು ಸುಲಭ. ಹೇಳಿಬಿಟ್ಟೆ. "ಈ ಕವಚ ಇಲ್ಲಂದ್ರ ಆಕಿ ಹಾಸ್ಟೆಲ್ಲಿಗೆ ಹೋಗಂಗಿಲ್ರಿ, ಮನಿಗೆ ಬರತಾಳ. ಸರಿಯಾದ್ದು ಸಿಗಲಿಲ್ಲ ಅಂತ ಹೇಳಿದ್ರ ಸುಳ್ಳಾಗತೈತೇನ್ರಿ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. "ನನ್ನ ಅಂಗಡಿಗೆ ಬರೂಕಿಂತ ಮೊದಲ ಹೇಳಿದ್ರ ಖರೇ ಇತ್ತು. ಬಂದ ಮ್ಯಾಲ ಹೇಳಿದ್ರ ಸುಳ್ಳಾಗತೈತಿ. ಇದು ರಿಪೇರಿ ಆಗೂವಂಥಾದ್ದು."

ನರಗುಂದದ ಬಸ್ಸು ಹೊರಟುಹೋಯಿತು. ನಾನು ಚೀಲದಿಂದ ಕತ್ತರಿ ತೆಗೆದೆ.

ಮುಂದಿನ ಎರಡು ತಾಸಿನಲ್ಲಿ ಕಲಿತದ್ದನ್ನು ಹೊಲಿಗೆ ಬಲ್ಲವರಿಗಾಗಿ ಬರೆಯುತ್ತೇನೆ. ನನ್ನ ಕೈ ಇಳಿಬಿಟ್ಟಾಗ ಒಂಬತ್ತೂಕಾಲು ಇದ್ದದ್ದು ಹ್ಯಾಂಡಲ್ ಹಿಡಿದು ಮಡಚಿದಾಗ ಹತ್ತೂಕಾಲಾಯಿತು. ನೀಲಾಳ ಒಂಬತ್ತಕ್ಕೂ ಒಂದು ಇಂಚು ಸೇರಿಸಿದೆವು. ಕವಚದ ಒಳಮಗ್ಗುಲನ್ನು ಬಿಚ್ಚಿ, ಮಡಿಕೆ ಬೀಳುವ ಜಾಗದ ಸ್ಪಂಜನ್ನು ಅರ್ಧಚಂದ್ರದಂತೆ ಕತ್ತರಿಸಿ ತೆಗೆದು, ಅಲ್ಲಿ ಬರೀ ಹಿಗ್ಗುವ ಪಟ್ಟಿ ಕೂಡಿಸಿದೆವು. ಪಟ್ಟಿ ಒಂದೇ ಇದ್ದದ್ದನ್ನು ಎರಡು ಮಾಡಿದೆವು, ಒಂದು ಮೊಣಕೈಯ ಮೇಲೆ, ಒಂದು ಕೆಳಗೆ. ಆಗ ಬಟ್ಟಲು ನಡುವೆ ಎಲುಬಿನ ಮೇಲೆ ಕದಲದೆ ಕೂರುತ್ತದೆ. ಜಾರಿಬಿದ್ದವರು ಮುಂಗೈಯನ್ನೂ ಉಜ್ಜಿಕೊಳ್ಳುತ್ತಾರೆಂದು ಸಾಬರು ಸೀಟಿನ ದಪ್ಪ ರೆಕ್ಸಿನ್ನನ್ನು ಕೆಳಗೆ ನಾಲ್ಕು ಬೆರಳು ಇಳಿಬಿಟ್ಟರು.

ಒಂದೂವರೆಗೆ ಅವರು ಕೈ ತೊಳೆದುಕೊಂಡು, "ಅಂಗಡಿ ನೋಡ್ಕೋರಿ, ನಮಾಜ್ ಮುಗಿಸಿ ಬರತೀನಿ" ಎಂದು ಹೋದರು. ಗುರುತಿಲ್ಲದ ಊರಲ್ಲಿ, ಗುರುತಿಲ್ಲದವರ ಅಂಗಡಿಯಲ್ಲಿ, ಅವರ ಭಾರದ ಮಷಿನ್ ತುಳಿಯುತ್ತ ಒಬ್ಬಳೇ ಕುಳಿತಿದ್ದೆ. ಎರಡರ ಬಸ್ಸು ಕಣ್ಣೆದುರೇ ಹೋಯಿತು. ಪ್ರತಿ ಹೊಲಿಗೆಗೂ 'ಓಂ ನಮಃ ಶಿವಾಯ' ಎಂದೆ. ಭಕ್ತಿಯಿಂದ ಅಂದೆ ಎನ್ನಲಾರೆ. ಕೈ ನಿಲ್ಲದಿರಲಿ ಎಂದು ಅಂದೆ.

ತಿರುಗಿ ಬಂದ ಸಾಬರು ಸಿದ್ಧವಾದ ಕವಚವನ್ನು ನನ್ನ ಕೈಗೆ ಬಿಗಿದು, ಮಡಚಿಸಿ, ಹೇಳದೆ ಕೇಳದೆ ಮರದ ಸುತ್ತಿಗೆಯಿಂದ ಮೊಣಕೈ ಮೇಲೆ ಠಕ್ಕೆಂದು ಬಡಿದರು. ನಾನು "ಯವ್ವಾ!" ಎಂದು ಚೀರಿದೆ.

"ನೋವಾತೇನು?"

"ಇಲ್ರಿ."

"ಮತ್ತ ಯಾಕ ಚೀರಿದ್ರಿ?"

ಹಿಂದಿನ ಸಂಜೆಯಿಂದ ನಾನು ನಕ್ಕದ್ದು ಆಗಲೇ. ಸ್ಪಂಜು, ಪಟ್ಟಿಯ ಬೆಲೆಯಷ್ಟೇ ತೆಗೆದುಕೊಂಡು, "ಹುಡುಗಿಗೆ ಹೇಳ್ರಿ, ಬೀಳಬ್ಯಾಡ ಅನ್ನಂಗಿಲ್ಲ, ಬಿದ್ರ ಏಳು ಅಂದಾರ ಅಂತ" ಎಂದರು.

ಮೂರೂವರೆಯ ಬಸ್ಸು ಸಿಕ್ಕಿ, ಬಿಸಿಲು ಇಳಿಯುವಾಗ ಗಜೇಂದ್ರಗಡ ಮುಟ್ಟಿದೆ. ಗುಡ್ಡದ ನೆತ್ತಿಯ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಪಂಖಗಳು ನಿಧಾನ ತಿರುಗುತ್ತಿದ್ದವು. ನಿಲ್ದಾಣದಲ್ಲಿ ನೀಲಾ ನಿಂತಿದ್ದಳು. ನನಗೆ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಹೆಲ್ಮೆಟ್ ಕೂರಲೆಂದು ಜಡೆ ಕತ್ತರಿಸಿಕೊಂಡಿದ್ದಳು.

"ಕೂದಲಾ ಎಲ್ಲೆವ್ವಾ?"

"ಬೈಬ್ಯಾಡವ್ವ, ಬೆಳೀತಾವ. ಸಿಕ್ತೇನು?"

ಅಲ್ಲೇ ಕಟ್ಟೆಯ ಮೇಲೆ ತೊಟ್ಟು, ಗಾಳಿಯಲ್ಲಿ ಹ್ಯಾಂಡಲ್ ಹಿಡಿದವಳಂತೆ ಹತ್ತಾರು ಸಲ ಕೈ ಮಡಚಿದಳು. ಬಟ್ಟಲು ಕದಲಲಿಲ್ಲ. "ಇದು ಅಂಗಡ್ಯಾಗಿಂದಲ್ಲ, ನಿನ್ನ ಹೊಲಿಗಿ ಐತಿ ಇದರಾಗ" ಎಂದು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಸಾಬರ ಮಾತನ್ನು ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ.

ರಾತ್ರಿ ಅವಳು ತನ್ನ ಜೊತೆಗಾರ್ತಿಯರ ಕೂಡ, ನಾನು ಗುಡ್ಡದ ಗುಡಿಯ ಕೆಳಗಿನ ಯಾತ್ರಿಕರ ಕೋಣೆಯಲ್ಲಿ. ಬೆಳಗ್ಗೆ ಎದ್ದು ಮೆಟ್ಟಿಲು ಹತ್ತಿ ಕಾಲಕಾಲೇಶ್ವರನ ದರ್ಶನ ಮಾಡಿದೆ. ಜನರಿರಲಿಲ್ಲ. ಏನು ಬೇಡಬೇಕೆಂದು ತಿಳಿಯದೆ ವಿಭೂತಿ ಹಚ್ಚಿಕೊಂಡು ಇಳಿದೆ.

ಪರೀಕ್ಷೆಗೆ ಬಂದವರು ಹನ್ನೊಂದು ಮಂದಿ, ಅವರಲ್ಲಿ ಮೂವರು ಹುಡುಗಿಯರು. ತರಬೇತುದಾರರು ಒಬ್ಬೊಬ್ಬರ ಕವಚವನ್ನೂ ಹಿಡಿದು ಜಗ್ಗಿ ನೋಡಿದರು. ಒಬ್ಬ ಹುಡುಗನದು ಕೈಯಲ್ಲೇ ಬಿಚ್ಚಿಕೊಂಡು ಬಂದಿತು, ಅವನನ್ನು ಬದಿಗೆ ನಿಲ್ಲಿಸಿದರು. ನೀಲಾಳದನ್ನು ಎರಡು ಸಲ ಜಗ್ಗಿ, "ಇಂಥಾದ್ದು ಎಲ್ಲಿ ಸಿಕ್ತು?" ಎಂದರು. "ನರಗುಂದದಾಗ ಕೊಂಡು ರೋಣದಾಗ ಬಿಚ್ಚಿ ಹೊಲದದ್ರಿ" ಎಂದೆ. "ಹೌದೇನು!" ಎಂದು ಹೆಸರಿನ ಮುಂದೆ ಸರಿ ಗುರುತು ಹಾಕಿದರು.

ನಾನು ನಿಂತ ಜಾಗದಿಂದ ಇಳಿಜಾರಿನ ಒಂದು ತಿರುವು ಮಾತ್ರ ಕಾಣುತ್ತಿತ್ತು. ಒಬ್ಬೊಬ್ಬರನ್ನೇ ಬಿಡುತ್ತಿದ್ದರು, ನೀಲಾ ಏಳನೆಯ ಸರದಿಯಲ್ಲಿ ಬಂದಳು. ತಿರುವಿನಲ್ಲಿ ಮುಂದಿನ ಗಾಲಿ ಸಡಿಲ ಕಲ್ಲಿಗೆ ಜಾರಿತು. ಸೈಕಲ್ಲು ಒಂದು ಕಡೆ, ಮಗಳು ಒಂದು ಕಡೆ. ಎಡಗೈ ಮೊದಲು ನೆಲಕ್ಕೆ ಬಡಿದದ್ದನ್ನು ಕಣ್ಣಾರೆ ಕಂಡೆ. ಧೂಳೆದ್ದಿತು. ನನ್ನ ಬಾಯಲ್ಲಿ ಶಿವನ ಹೆಸರೂ ಬರಲಿಲ್ಲ. ಧೂಳು ಸರಿಯುವಷ್ಟರಲ್ಲಿ ಅವಳು ಸೈಕಲ್ಲು ಎತ್ತಿ, ಹತ್ತಿ, ಹೋಗಿಬಿಟ್ಟಿದ್ದಳು.

ಕೆಳಗೆ ಓಡಿ ಹೋದಾಗ ಕವಚ ಬಿಚ್ಚಿ ತೋರಿಸಿದಳು. ಬಟ್ಟಲಿನ ಮೇಲೆ ಮೂರು ಬಿಳಿ ಗೀರು, ರೆಕ್ಸಿನ್ನು ಒಂದು ಕಡೆ ಹರಿದಿತ್ತು. ಒಳಗಿನ ಚರ್ಮ ಬೆವೆತಿತ್ತು, ಅಷ್ಟೇ. ಆ ಬೆವರನ್ನು ಸೆರಗಿನಿಂದ ಒರೆಸಿದೆ. ಇದಕ್ಕಿಂತ ದೊಡ್ಡ ಕೃಪೆಯನ್ನು ನಾನು ಕಂಡಿಲ್ಲ.

ಮಧ್ಯಾಹ್ನದ ಹೊತ್ತಿಗೆ ಐವರ ಹೆಸರು ಓದಿದರು. ನಾಲ್ಕನೆಯದು ನೀಲಾಳದು. ಬಿದ್ದು ಎದ್ದದ್ದನ್ನು ತರಬೇತುದಾರರು ತಪ್ಪೆಂದು ಹಿಡಿದಿರಲಿಲ್ಲ. ಹದಿನೈದು ದಿನ ಅಲ್ಲೇ ಗುಡ್ಡದಲ್ಲಿ ಅಭ್ಯಾಸ, ಅಲ್ಲಿಂದ ನೇರವಾಗಿ ಹಾಸ್ಟೆಲ್ಲು. ಮನೆಗೆ ಬಂದು ಹೋಗುವ ಮಾತಿರಲಿಲ್ಲ.

ಅವಳು ನಿಲ್ದಾಣದವರೆಗೆ ಬಂದಳು. ಬಸ್ಸು ಹತ್ತುವ ಮುಂಚೆ ಹೇಳಿದೆ: "ರೋಣದಾಗ ನನ್ನ ಮನಸ್ಸು ಹಿಂದಕ್ಕ ಹೋಗಿತ್ತವ್ವ. ಸಿಗಲಿಲ್ಲ ಅಂತ ಹೇಳಬೇಕಂತ ಮಾಡಿದ್ದೆ."

"ಗೊತ್ತಿತ್ತು. ಫೋನ್ಯಾಗ ನೀ ಸುಮ್ಮನ ನಿಂತೆಲ್ಲಾ, ಆಗ ಗೊತ್ತಾತು." ನನ್ನ ಚೀಲವನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು, "ನೀ ಇಲ್ಲಾ ಅಂದಿದ್ರ ನಾ ಬರತಿದ್ದೆವ್ವ. ಖರೇನ ಬರತಿದ್ದೆ" ಎಂದಳು.

"ಅದಕ್ಕ ಹೊಲದ ತಂದೆ" ಎಂದೆ. ಅಷ್ಟರಲ್ಲಿ ಜೊತೆಯವರು ಸೈಕಲ್ ಗಂಟೆ ಬಾರಿಸಿ ಕರೆದರು. "ಸಂಜೀಗೆ ಮತ್ತ ಇಳಿಯೂದೈತಿ, ಹೋಗ್ತೀನವ್ವ" ಎಂದು ಕಾಲಿಗೆ ನಮಸ್ಕರಿಸಿ ಓಡಿದಳು.

ಒಂದು ತಾಸು ತಡವಾಗಿ ಹೊರಟ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ನನ್ನ ಪಕ್ಕ ಯಾರೂ ಕೂರಲಿಲ್ಲ. ಊರು ದಾಟಿ ರಸ್ತೆ ತಿರುಗುವಲ್ಲಿ ಗುಡ್ಡ ಇಡಿಯಾಗಿ ಕಂಡಿತು. ಸಂಜೆಯ ಬಿಸಿಲಲ್ಲಿ ಐದು ಚುಕ್ಕೆಗಳು ಸಾಲಾಗಿ ಕೆಳಗಿಳಿಯುತ್ತಿದ್ದವು. ಒಂದು ಚುಕ್ಕೆ ನಡುವೆ ನಿಂತು ಮತ್ತೆ ಹೊರಟಿತು. ಎಲ್ಲ ಒಂದೇ ತರಹದ ಹೆಲ್ಮೆಟ್ಟು, ನನ್ನದು ಯಾವುದೆಂದು ಗೊತ್ತಾಗಲಿಲ್ಲ. ಐದಕ್ಕೂ ಕೈ ಮುಗಿದೆ.